ನಿಮಗಿದು ಗೊತ್ತೆ? ಗೋಥಿಕ್ ರಾಕ್‌ನ ಆರಂಭದ ದನಿ ಸೂಸಿ ಸೂ

ಸೂಸಿ ಸೂ ಇಂಗ್ಲೆಂಡಿನ ಹೆಸರಾಂತ ರಾಕ್ ಗಾಯಕಿ. ಮೂಲ ಹೆಸರು ಸೂಸನ್ ಜಾನೆಟ್ ಬ್ಯಾಲಿಯನ್. ಹುಟ್ಟಿದ್ದು 1957ರ ಮೇ 27ರಂದು, ಲಂಡನ್ನಿನಲ್ಲಿ.

• 1976ರಲ್ಲಿ ಬಾಸ್ ಗಿಟಾರ್ ವಾದಕ ಸ್ಟೀವನ್ ಸೆವೆರಿನ್ ಜೊತೆ 'ಸೂಸಿ ಅಂಡ್ ದ ಬ್ಯಾನ್‌ಶೀಸ್' ತಂಡ ಕಟ್ಟಿದರು. ಆ ಸೆಪ್ಟೆಂಬರಿನಲ್ಲಿ ಲಂಡನ್ನಿನ '100 ಕ್ಲಬ್' ಪಂಕ್ ಉತ್ಸವದಲ್ಲಿ ಮೊದಲ ಕಾರ್ಯಕ್ರಮ. ಸಿದ್ಧಪಡಿಸಿದ ಹಾಡುಗಳೇ ಇರಲಿಲ್ಲ. ಕ್ರೈಸ್ತ ಪ್ರಾರ್ಥನೆಯೊಂದನ್ನು ಎತ್ತಿಕೊಂಡು, ಸುಮಾರು 20 ನಿಮಿಷ ವೇದಿಕೆಯಲ್ಲೇ ಹಾಡು ಬೆಳೆಸಿದರು.

• 1978ರಲ್ಲಿ 'ಹಾಂಗ್‌ಕಾಂಗ್ ಗಾರ್ಡನ್' ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 7ನೇ ಸ್ಥಾನಕ್ಕೇರಿತು. ಅದೇ ವರ್ಷದ 'ದ ಸ್ಕ್ರೀಮ್' ಆಲ್ಬಂ, ಪಂಕ್‌ನ ಅಬ್ಬರದಾಚೆಗೆ ಹೊಸ ನಾದಗಳನ್ನು ಹುಡುಕಿದ ಪೋಸ್ಟ್-ಪಂಕ್ ಪ್ರಕಾರದ ಮೊದಲ ಮುಖ್ಯ ಕೃತಿಗಳಲ್ಲೊಂದು.

• 1981ರ 'ಜುಜು' ಆಲ್ಬಂ ಗೋಥಿಕ್ ರಾಕ್‌ಗೆ ದಾರಿ ತೋರಿತು. ಗಂಭೀರ ಕಂಠ, ಭಯ ಹಾಗೂ ವಿಷಾದ ತುಂಬಿದ ಹಾಡುಗಳು, ಕೆದರಿದ ಕಪ್ಪು ಕೂದಲು, ಕಣ್ಣಿನ ಸುತ್ತ ದಟ್ಟ ಕಾಡಿಗೆ ಆ ಪ್ರಕಾರದ ಗುರುತಾದವು.

• ಭಾರತದ ನಂಟೂ ಉಂಟು. ತಂಡ ಹಾಡಿ, 1983ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿದ 'ಡಿಯರ್ ಪ್ರೂಡೆನ್ಸ್', ಬೀಟಲ್ಸ್ ತಂಡ 1968ರಲ್ಲಿ ಋಷಿಕೇಶದಲ್ಲಿದ್ದಾಗ ಹುಟ್ಟಿದ ಗೀತೆ. ತಂಡದ 1991ರ 'ಕಿಸ್ ದೆಮ್ ಫಾರ್ ಮಿ' ಗೀತೆಯಲ್ಲಿ ತಬಲಾ ಕೇಳಿಸುತ್ತದೆ. ನುಡಿಸಿದವರು ಭಾರತೀಯ ಮೂಲದ ತಲ್ವಿನ್ ಸಿಂಗ್. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆ ಗೀತೆ 23ನೇ ಸ್ಥಾನ ಪಡೆಯಿತು.

• ತಂಡ 1996ರಲ್ಲಿ ವಿಸರ್ಜನೆಯಾಯಿತು. 2007ರಲ್ಲಿ ಸೂಸಿಯವರ ಮೊದಲ ಏಕವ್ಯಕ್ತಿ ಆಲ್ಬಂ 'ಮಂಟಾರೇ' ಹೊರಬಂತು. ಪಿ.ಜೆ. ಹಾರ್ವೆ, ಶರ್ಲಿ ಮ್ಯಾನ್ಸನ್ ಮುಂತಾದ ನಂತರದ ಗಾಯಕಿಯರ ಮೇಲೆ ಅವರ ಪ್ರಭಾವ ದೊಡ್ಡದು.