ಊರಿಗೆ ಮರಳುವುದು ಯಾರ ಅಪ್ಪಣೆಯಿಂದ?

ಯುದ್ಧ ಮುಗಿದ ಕೂಡಲೇ ಜನರ ಓಡಾಟ ಮುಗಿಯುವುದಿಲ್ಲ. ಓಡಿಹೋದವರು ಮರಳಬೇಕು, ಹೊರಗಿನವರೆನಿಸಿಕೊಂಡವರು ಹೋಗಬೇಕು. ಆದರೆ ಯಾರು ಒಳಗಿನವರು, ಯಾರು ಹೊರಗಿನವರು? ಇದನ್ನು ತೀರ್ಮಾನಿಸುವ ಅಧಿಕಾರ ಪೊಲೀಸರ ಮತ್ತು ಸೇನೆಯ ಕೈಯಲ್ಲಿದ್ದಾಗ ಏನಾಗುತ್ತದೆ ಎಂಬುದಕ್ಕೆ ನಾವು ದೂರದ ದೇಶಗಳ ಉದಾಹರಣೆ ಹುಡುಕಬೇಕಾಗಿಲ್ಲ. ನಮ್ಮ ಬೀದರ ಜಿಲ್ಲೆಯೇ ಅದಕ್ಕೆ ಸಾಕ್ಷಿ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ನಿಜಾಮನ ಸಂಸ್ಥಾನವನ್ನು ಪ್ರವೇಶಿಸಿತು. ನಳದುರ್ಗ, ಉಮರ್ಗಾ ದಾಟಿ ಮರುದಿನವೇ ಬಸವಕಲ್ಯಾಣ ಮತ್ತು ಹುಮನಾಬಾದ್ ನಡುವಿನ ರಾಜೇಶ್ವರಕ್ಕೆ ಬಂದಿತು. 17ರಂದು ಬೀದರ ಸೇನೆಯ ವಶವಾಯಿತು. ಅದೇ ದಿನ ನಿಜಾಮ ಶರಣಾಗತಿ ಘೋಷಿಸಿದ. ಇದನ್ನು 'ಪೊಲೀಸ್ ಕಾರ್ಯಾಚರಣೆ' ಎಂದು ಕರೆದರೂ ಆನಂತರ ಅಧಿಕಾರ ವಹಿಸಿಕೊಂಡವರು ಸೇನಾಧಿಕಾರಿಗಳೇ. ಮೇಜರ್ ಜನರಲ್ ಜೆ. ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು.

ಆಗ ಮರಳುವ ಪ್ರಶ್ನೆ ಮೂರು ಬಗೆಯ ಜನರ ಮುಂದಿತ್ತು.

ಮೊದಲನೆಯವರು ರಜಾಕಾರರ ಹಾವಳಿಗೆ ಹೆದರಿ ಗಡಿ ದಾಟಿದ್ದ ಹಿಂದೂ ಕುಟುಂಬಗಳವರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡದ ನೆನಪು ಈ ಭಾಗದಲ್ಲಿ ಇಂದಿಗೂ ಮಾಸಿಲ್ಲ. ಸೇನೆ ಬಂದ ಮೇಲೆ ಇವರ ಹಾದಿ ಸುಗಮವಾಯಿತು.

ಎರಡನೆಯವರು ಸೆಪ್ಟೆಂಬರ್ ನಂತರ ಓಡಿದ ಹಳ್ಳಿಗಾಡಿನ ಮುಸ್ಲಿಮರು. ರಜಾಕಾರರ ತಪ್ಪಿಗೆ ರಜಾಕಾರರಲ್ಲದವರೂ ಬೆಲೆ ತೆತ್ತರು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ ಜಿಲ್ಲೆಗಳನ್ನು ಸುತ್ತಿ, ಕನಿಷ್ಠ 27,000ದಿಂದ 40,000 ಮಂದಿ ಸತ್ತಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ ಮತ್ತು ನಾಂದೇಡ. ಈ ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2013ರ ಹೊತ್ತಿಗೆ. ಹೈದರಾಬಾದ್ ನಗರ ಸೇರಿದ್ದ ಇಂಥವರಿಗೆ ಹಳ್ಳಿಗೆ ಮರಳಲು ಬಸ್ಸಿನ ಟಿಕೆಟ್ಟು ಸಾಲುತ್ತಿರಲಿಲ್ಲ. ರಕ್ಷಣೆಯ ಭರವಸೆಯೂ ಬೇಕಿತ್ತು, ಬಿಟ್ಟುಹೋದ ಮನೆ-ಹೊಲ ಮತ್ತೆ ಸಿಗಬೇಕಿತ್ತು.

ಮೂರನೆಯವರ ಕಥೆ ಹೆಚ್ಚು ಜನರಿಗೆ ತಿಳಿಯದು. ಅವರು ಅರಬರು, ಪಠಾಣರು ಮತ್ತು ರೋಹಿಲರು. ದಕ್ಷಿಣ ಅರೇಬಿಯದ ಹದ್ರಮೌತ್ ಪ್ರಾಂತದಿಂದ ಅರಬರು ತಲೆಮಾರುಗಳ ಹಿಂದೆಯೇ ಬಂದು ನಿಜಾಮನ ಸೈನ್ಯದಲ್ಲಿ, ಜಾಗೀರುದಾರರ ಗಢಿಗಳಲ್ಲಿ ಕಾವಲು ನಿಂತಿದ್ದರು. ಸಾಲ ಕೊಟ್ಟು ವಸೂಲಿ ಮಾಡುವ ಕಸುಬೂ ಇತ್ತು. ಹದ್ರಮೌತಿನ ಕುಐತಿ ವಂಶದ ಸುಲ್ತಾನರೇ ನಿಜಾಮನ ದರಬಾರಿನಲ್ಲಿ ಜಮಾದಾರರೆನಿಸಿಕೊಂಡಿದ್ದರು. ಇಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ, ಇಲ್ಲಿಯ ಭಾಷೆಯಾಡಿ, ಅನೇಕರು ಊರಿನವರೇ ಆಗಿದ್ದರು.

ಹೊಸ ಆಡಳಿತ ಇವರನ್ನು ಕಂಡದ್ದು ಶಾಂತಿಗೆ ಅಪಾಯ ಎಂಬ ಕಣ್ಣಿನಿಂದ. ಸಾವಿರಾರು ಜನರನ್ನು ಹಿಡಿದು ಬಂಧನದಲ್ಲಿಟ್ಟು, 'ಸ್ವದೇಶಕ್ಕೆ ಕಳುಹಿಸುವುದು' ಎಂದು ನಿರ್ಧರಿಸಲಾಯಿತು. ಆದರೆ ಸ್ವದೇಶ ಯಾವುದು? ಹದ್ರಮೌತಿನಲ್ಲಿ 1943-44ರಲ್ಲಿ, ಮತ್ತೆ 1948-49ರಲ್ಲಿ ಭೀಕರ ಬರಗಾಲ. ಹೈದರಾಬಾದಿನಿಂದ ಹೋಗುತ್ತಿದ್ದ ಹಣ ನಿಂತದ್ದೂ ಅಲ್ಲಿಯ ಸಂಕಟಕ್ಕೆ ಒಂದು ಕಾರಣ. ಆ ಪ್ರಾಂತವನ್ನು ಏಡನ್ನಿನಿಂದ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ಇನ್ನಷ್ಟು ಹಸಿದ ಹೊಟ್ಟೆಗಳು ಬೇಕಿರಲಿಲ್ಲ. ಪಠಾಣರ ವಾಯವ್ಯ ಗಡಿಯಂತೂ 1947ರಿಂದ ಪಾಕಿಸ್ತಾನದ ಪಾಲಾಗಿತ್ತು. ಹೀಗಾಗಿ ಕೆಲವರು ಹಡಗು ಹತ್ತಿದರು, ಉಳಿದವರು ಇಲ್ಲಿಯೇ ನಿಂತರು.

ಇದರ ಜೊತೆಗೆ ಕಾನೂನಿನ ಬಲೆಯೂ ಇತ್ತು. 1948ರ ಜುಲೈನಲ್ಲಿ ಬಂದ ಪರ್ಮಿಟ್ ಪದ್ಧತಿಯ ಪ್ರಕಾರ ಪಶ್ಚಿಮ ಪಾಕಿಸ್ತಾನದಿಂದ ಮರಳುವವರಿಗೆ ಅಪ್ಪಣೆ ಚೀಟಿ ಕಡ್ಡಾಯವಾಯಿತು. 1952ರಲ್ಲಿ ಅದರ ಜಾಗಕ್ಕೆ ಪಾಸ್‌ಪೋರ್ಟ್ ಮತ್ತು ವೀಸಾ ಬಂದವು. 1950ರ ನಿರ್ವಾಸಿತರ ಆಸ್ತಿ ಕಾಯಿದೆಯಡಿ ಪಾಕಿಸ್ತಾನಕ್ಕೆ ಹೋದವರ ಆಸ್ತಿ ಸರ್ಕಾರಿ ಪಾಲಕರ ವಶಕ್ಕೆ ಹೋಗುತ್ತಿತ್ತು.

ಆದರೆ 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 5ನೆಯ ಅನುಚ್ಛೇದ ಬೇರೆ ಅಳತೆಗೋಲನ್ನು ಮುಂದಿಟ್ಟಿತು. ಭಾರತವನ್ನೇ ನೆಲೆಯಾಗಿಸಿಕೊಂಡು, ಇಲ್ಲಿ ಹುಟ್ಟಿದವನು ಈ ದೇಶದ ಪ್ರಜೆ. ಅಜ್ಜ ಯಾವ ಕಡಲು ದಾಟಿ ಬಂದನೆಂಬುದನ್ನು ಅದು ಕೇಳಲಿಲ್ಲ. ಪೊಲೀಸ್ ಪಟ್ಟಿಯಲ್ಲಿ 'ಪರದೇಶಿ'ಯಾದವನ ಮಗ ಸಂವಿಧಾನದ ಪುಟದಲ್ಲಿ ನಾಗರಿಕನಾಗಬಹುದಿತ್ತು.

ಈ ಎರಡು ದೃಷ್ಟಿಗಳ ನಡುವಿನ ಅಂತರವೇ ನಮ್ಮ ಚರ್ಚೆಯ ವಿಷಯ. ಗಲಭೆಯ ಕಾಲದಲ್ಲಿ ಶಾಂತಿ ಕಾಪಾಡುವುದು ಸರ್ಕಾರದ ಕರ್ತವ್ಯ ನಿಜ. ಅಪರಾಧ ಮಾಡಿದವನಿಗೆ ಶಿಕ್ಷೆಯಾಗಬೇಕಾದದ್ದೂ ನ್ಯಾಯವೇ. ಆದರೆ ಒಬ್ಬನು ಮಾಡಿದ್ದೇನು ಎಂದು ವಿಚಾರಿಸುವುದು ಬೇರೆ, ಅವನು ಯಾರ ಪೈಕಿ ಎಂದು ವಿಚಾರಿಸುವುದು ಬೇರೆ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದಲ್ಲಿ ಧ್ವಜ ಏರುವಾಗ ಗೋರ್ಟಾದ ಸಾವುಗಳನ್ನು ನೆನೆಯೋಣ. ಅದರ ಮರುವಾರಗಳ ಸಾವುಗಳನ್ನೂ ನೆನೆಯೋಣ. ಒಂದನ್ನು ನೆನೆದರೆ ಇನ್ನೊಂದು ಸುಳ್ಳಾಗುವುದಿಲ್ಲ.