ನೆಲೆ ಸಿಗದ ನೀರು, ಕಲಿತ ಉಸಿರು

ಹಾಸನ ಸೀಮೆಯವರು ಕೆರೆಯನ್ನೇ ಸಮುದ್ರವೆಂದು ಕರೆದವರು. ಹೊಯ್ಸಳರ ರಾಜಧಾನಿಗೆ ದೋರಸಮುದ್ರ ಎಂಬ ಹೆಸರು ಬಂದದ್ದು ಅಲ್ಲಿನ ದೊಡ್ಡ ಕೆರೆಯಿಂದ. ಗೊರೂರಿನ ಅಣೆಕಟ್ಟೆಯಲ್ಲಿ ತುಂಬಿ ನಿಂತು ಮುಂದೆ ಹರಿಯುವ ಹೇಮಾವತಿ ಕೊನೆಗೆ ಕೂಡಿಕೊಳ್ಳುವುದೂ ಕೃಷ್ಣರಾಜಸಾಗರವನ್ನೇ. ಕಡಲು ಘಟ್ಟದ ಆಚೆಗಿದ್ದರೂ ಅದರ ಹೆಸರನ್ನು ಊರಮುಂದಿನ ನೀರಿಗೆ ಇಟ್ಟು ಮೆರೆದ ಈ ನಾಡಿನಲ್ಲಿ ಇಂದು ನೀರಿಗಿಳಿಯುವುದನ್ನು ಕಲಿಸುವ ಮನೆಗಳು ಕಡಿಮೆ. ಚನ್ನರಾಯಪಟ್ಟಣದ ಅಮಾನಿಕೆರೆಯಿರಲಿ, ಹೊಳೆನರಸೀಪುರದ ಹೊಳೆದಂಡೆಯಿರಲಿ, ಮಗುವಿಗೆ ಮೊದಲು ಸಿಗುವ ಪಾಠ ಒಂದೇ: ಆ ಕಡೆ ಹೋಗಬೇಡ. ಹೀಗೆ ಬೆಳೆದವರು ದೊಡ್ಡವರಾಗಿ ಮುರ್ಡೇಶ್ವರಕ್ಕೆ ಹೋಗುತ್ತಾರೆ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಸ್ಕೂಬಾ ಉಡುಪು ತೊಟ್ಟು ಹವಳದ ಬಂಡೆಗಳ ನಡುವೆ ಇಳಿಯುವ ಅವಕಾಶ ಈಗ ಸಾಮಾನ್ಯರಿಗೂ ಇದೆ. ಆದರೆ ದೋಣಿಯ ಅಂಚಿನಲ್ಲಿ ಕುಳಿತಾಗ ಬಾಲ್ಯದ ಆ ಎಚ್ಚರಿಕೆ ಕಾಲು ಹಿಡಿದೆಳೆಯುತ್ತದೆ. ಈ ಭಯವನ್ನು ಹೇಡಿತನವೆಂದು ಬೈಯುವುದೂ ತಪ್ಪು, ಅದೇ ನಮ್ಮನ್ನು ಕಾಯುತ್ತದೆಂದು ನಂಬುವುದೂ ತಪ್ಪು. ಮೆಟ್ಟಿಲು ಮೆಟ್ಟಿಲಾಗಿ ಕಲಿತು ಭಯವನ್ನು ಎಚ್ಚರವಾಗಿ ಮಾರ್ಪಡಿಸಬಹುದು. ಅದು ಸಾಧ್ಯವೆಂಬುದಕ್ಕೆ ಸ್ಕೂಬಾದಷ್ಟು ಸ್ಪಷ್ಟವಾದ ಉದಾಹರಣೆ ಬೇರೊಂದಿಲ್ಲ ಎಂಬುದು ನನ್ನ ವಾದ.

ಭಯಕ್ಕೆ ಕಾರಣಗಳಿಲ್ಲದೆ ಇಲ್ಲ. ಕೆರೆಯಲ್ಲಿ ನೀರು ನಿಲ್ಲಲು ಮನೆಯ ಸೊಸೆಯನ್ನೇ ಬಲಿಗೊಟ್ಟ ‘ಕೆರೆಗೆ ಹಾರ’ದ ಕತೆ ನಮ್ಮ ಜನಪದದ ನೆನಪಿನಲ್ಲಿ ಕೂತಿದೆ. ಕೆರೆ ಕೋಡಿ ಬಿದ್ದಾಗ ನಾವು ಬಾಗಿನ ಬಿಡುವುದೂ ಏರಿಯ ಮೇಲೆ ನಿಂತೇ. ಗಂಗಮ್ಮ ಪೂಜೆಗೆ ಒಲಿಯುವವಳು, ಸಲಿಗೆಗೆ ಅಲ್ಲ. ಅದರ ಮೇಲೆ ಇಂದಿನ ನೀರು ಹಿಂದಿನದಕ್ಕಿಂತ ಮೋಸದ್ದು. ಹೂಳು ತೆಗೆದ ಗುಂಡಿಗಳು ಕೆರೆಯಂಗಳದಲ್ಲಿ ಎಲ್ಲೆಂದರಲ್ಲಿ ಇವೆ. ಮೊಣಕಾಲುದ್ದ ನೀರಿನಿಂದ ಒಂದೇ ಹೆಜ್ಜೆಗೆ ಆಳುದ್ದಕ್ಕೆ ಜಾರಬಹುದು. ಸಿಮೆಂಟು ಮೆತ್ತಿದ ನಾಲೆಯ ಇಳಿಜಾರಿನಲ್ಲಿ ಹಿಡಿಯಲು ಒಂದು ಗರಿಕೆಯೂ ಇರುವುದಿಲ್ಲ. ಕೃಷಿಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿದರೆ ಈಜು ಬಲ್ಲವರೂ ಮೇಲೆ ಹತ್ತಲಾರರು. ಇನ್ನೊಂದು ಕಡೆ, ಈಜು ಕಲಿಸುತ್ತಿದ್ದ ಶಾಲೆಗಳೇ ಮುಚ್ಚಿಹೋದವು. ಬೆನ್ನಿಗೆ ಒಣಗಿದ ಸೋರೆ ಬುರುಡೆಯನ್ನೋ ಬೆಂಡಿನ ಕಟ್ಟನ್ನೋ ಬಿಗಿದು, ಸೊಂಟದ ಹಗ್ಗ ದೊಡ್ಡವರ ಕೈಯಲ್ಲಿರುವಂತೆ ಮಕ್ಕಳನ್ನು ಇಳಿಸುತ್ತಿದ್ದುದು ತೋಟದ ತೆರೆದ ಬಾವಿಗಳಲ್ಲಿ. ಕೊಳವೆಬಾವಿಗಳು ಬಂದಂತೆ ಆ ಬಾವಿಗಳು ಬತ್ತಿದವು; ಅವುಗಳ ಜೊತೆ ಹಗ್ಗ ಹಿಡಿದು ನಿಲ್ಲುವ ಹಿರಿಯರ ಪಾತ್ರವೂ ಮರೆಯಾಯಿತು. ಅಪಾಯ ಉಳಿಯಿತು, ವಿದ್ಯೆ ಹೋಯಿತು, ಭಯವೊಂದೇ ಮಕ್ಕಳ ಪಾಲಿಗೆ ಬಂತು.

ಆ ಭಯ ಜೀವ ಕಾಯುತ್ತಿದೆಯೇ? 2024ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಆಲೂರು ತಾಲ್ಲೂಕಿನ ಕೆರೆಯೊಂದರಲ್ಲಿ ನಾಲ್ವರು ಬಾಲಕರು ಮುಳುಗಿ ತೀರಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರನ್ನು ಮುರ್ಡೇಶ್ವರದ ಕಡಲು ಸೆಳೆದುಕೊಂಡಿತು. ಕೋಲಾರವೂ ನಮ್ಮಂತೆ ಕಡಲು ಕಾಣದ ನಾಡು. ದೇಶದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಜನ ಮುಳುಗಿ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಇತ್ತೀಚಿನ ವರದಿಗಳು ಹೇಳುತ್ತವೆ. ಜಗತ್ತಿನಾದ್ಯಂತ 2021ರಲ್ಲಿ ಸುಮಾರು 3 ಲಕ್ಷ ಮಂದಿ ಹೀಗೆ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನೀರಿಗೆ ಹೋಗಬೇಡವೆಂದು ಹೇಳದ ಮನೆ ಯಾವುದೂ ಇರಲಾರದು. ಆದರೂ ಬೇಸಿಗೆಯ ಸೆಕೆ, ಗೆಳೆಯರ ಕರೆ, ಮೊದಲ ಬಾರಿ ಕಂಡ ಅಲೆಯ ಸಂಭ್ರಮ ಆ ಮಾತನ್ನು ಒಂದು ಗಳಿಗೆಯಲ್ಲಿ ಮರೆಸಿಬಿಡುತ್ತವೆ. ಭಯ ದಡದಲ್ಲಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಕಾಲು ನೆಲೆ ತಪ್ಪಿದ ಮೇಲೆ ಬೇಕಾಗುವುದು ತಿಳಿವಳಿಕೆ. ಅದು ಇಲ್ಲದಾಗ ಅದೇ ಭಯ ಕೈಕಾಲು ಬಡಿಸಿ, ಉಸಿರು ಕೆಡಿಸಿ, ಮುಳುಗುವವರನ್ನೂ ಹಿಡಿಯಲು ಹೋದವರನ್ನೂ ಕೆಳಕ್ಕೆ ಒಯ್ಯುತ್ತದೆ.

ನೀರಿನ ಭಯ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಮೂರು ಭಯಗಳಿವೆ. ಉಸಿರು ಕಟ್ಟುತ್ತದೆ ಎಂಬುದು ಒಂದು, ಕಾಲಿಗೆ ನೆಲೆ ಸಿಗದು ಎಂಬುದು ಇನ್ನೊಂದು, ಕೆಳಗೇನಿದೆಯೋ ಕಾಣದು ಎಂಬುದು ಮೂರನೆಯದು. ಕೆಂಪು ಮಣ್ಣು ಕದಡಿದ ಕೆರೆಯಲ್ಲಿ ಈ ಮೂರೂ ಒಟ್ಟಿಗೆ ಮುತ್ತುತ್ತವೆ. ಆದ್ದರಿಂದಲೇ ಅಲ್ಲಿ ಹುಟ್ಟಿದ ಭಯ ಅಷ್ಟು ಗಟ್ಟಿ. ಸ್ಕೂಬಾ ಇವುಗಳನ್ನು ಒಂದೊಂದಾಗಿ ಬಿಡಿಸುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಉಸಿರಾಟದ ಸಾಧನವೇ ಇಂದಿನ ರೆಗ್ಯುಲೇಟರಿನ ಮೂಲ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು ಅದು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದಿಸಿ, ಎಳೆದಾಗ ಮಾತ್ರ ಬಾಯಿಗೆ ಕೊಡುತ್ತದೆ. ಮುಖಗವಸು ಕಣ್ಣಿನ ಮುಂದೆ ಗಾಳಿಯ ಪದರವಿಟ್ಟು ನೋಟ ತಿಳಿಯಾಗಿಸುತ್ತದೆ. ಗಾಳಿ ತುಂಬುವ ಜಾಕೆಟ್ಟು ಮತ್ತು ಸೊಂಟದ ಸೀಸದ ತೂಕಗಳನ್ನು ಹದಗೊಳಿಸಿದರೆ ದೇಹ ಮುಳುಗದೆ ತೇಲದೆ ನಡುನೀರಿನಲ್ಲಿ ನಿಲ್ಲುತ್ತದೆ. ಕಾಲಿಗೆ ನೆಲ ಸಿಗದಿದ್ದರೂ ದೇಹಕ್ಕೆ ನೆಲೆ ಸಿಕ್ಕಿತು. ಗಾಬರಿಯಾದಾಗ ಮನುಷ್ಯ ಮೇಲುಮೇಲಕ್ಕೆ ಬೇಗಬೇಗ ಉಸಿರಾಡುತ್ತಾನೆ. ಇಂಗಾಲದ ಡೈಆಕ್ಸೈಡು ಒಳಗೇ ಉಳಿದು ಗಾಬರಿ ಇನ್ನಷ್ಟು ಏರುತ್ತದೆ. ಸ್ಕೂಬಾದ ಮೊದಲ ಪಾಠವೇ ಈ ಸುತ್ತನ್ನು ಮುರಿಯುವುದು: ನಿಧಾನವಾಗಿ ಎಳೆದುಕೋ, ಅದಕ್ಕಿಂತ ನಿಧಾನವಾಗಿ ಬಿಡು, ಎಂದೂ ಉಸಿರು ಹಿಡಿಯಬೇಡ.

ಈ ನಿಯಮಗಳ ಹಿಂದೆ ಭೌತಶಾಸ್ತ್ರವಿದೆ. ಅದನ್ನು ತಿಳಿದವರಿಗೆ ಆಳ ದೆವ್ವವಾಗಿ ಕಾಣುವುದಿಲ್ಲ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ಕಿವಿ ಬಿಗಿಯುವುದು ಅದರಿಂದ. ನೋವು ಬರುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಿದರೆ ಬಿಗಿತ ಬಿಡುತ್ತದೆ. ಹತ್ತು ಮೀಟರ್ ಆಳದಲ್ಲಿ ಎಳೆದುಕೊಂಡ ಉಸಿರನ್ನು ಬಿಡದೆ ಮೇಲೆ ಬಂದರೆ ಎದೆಯೊಳಗಿನ ಗಾಳಿ ಇಮ್ಮಡಿ ಹಿಗ್ಗಿ ಶ್ವಾಸಕೋಶಕ್ಕೆ ಗಾಯವಾಗುತ್ತದೆ. ಹೀಗಾಗಿ ಉಸಿರು ಹಿಡಿಯಬಾರದು, ಮೇಲೇರುವಾಗ ಅವಸರ ಕೂಡದು. ಕೆರೆಯ ಸುಳಿಯ ಬಗ್ಗೆ ಕೇಳಿದ ಕತೆಗಳಲ್ಲಿ ಅಪಾಯ ಯಾವಾಗ ಎರಗುತ್ತದೋ ಗೊತ್ತಿಲ್ಲ. ಇಲ್ಲಿನ ಅಪಾಯಕ್ಕೆ ಕಾರಣವಿದೆ, ಅಳತೆಯಿದೆ, ಪರಿಹಾರವಿದೆ. ಗೊತ್ತಿರುವ ಅಪಾಯ ಎಚ್ಚರವನ್ನು ಹುಟ್ಟಿಸುತ್ತದೆ. ಗೊತ್ತಿಲ್ಲದ್ದು ಭಯವನ್ನು ಮಾತ್ರ.

ಹಾಗಾದರೆ ಕಲಿಯುವ ದಾರಿ ಯಾವುದು? ‘ನೀರಿಗೆ ತಳ್ಳಿಬಿಡಿ, ತಾನೇ ಕಲೀತಾನೆ’ ಎನ್ನುವ ಮಾತು ನಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ. ಹಾಗೆ ತಳ್ಳಿಸಿಕೊಂಡು ಈಜು ಕಲಿತವರು ಆ ಕತೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ಜೀವನಪೂರ್ತಿ ನೀರಿನಿಂದ ದೂರ ಉಳಿದವರು ಬಾಯಿ ಬಿಡುವುದಿಲ್ಲ. ಭಯದ ಚಿಕಿತ್ಸೆ ಕುರಿತು 1950ರ ದಶಕದಲ್ಲಿ ಕೆಲಸ ಮಾಡಿದ ಮನೋವೈದ್ಯ ಜೋಸೆಫ್ ವೋಲ್ಪೆ ತೋರಿಸಿದ ದಾರಿ ಬೇರೆ: ಹೆದರಿಸುವ ಸಂಗತಿಯನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಒಂದು ಹಂತದಲ್ಲಿ ಮೈಮನಸ್ಸು ಸಡಿಲವಾದ ಮೇಲೆಯೇ ಮುಂದಿನದಕ್ಕೆ ಹೋಗುವುದು. ಕೈಯಾರೆ ಮಾಡಿ ಗೆದ್ದ ಅನುಭವದಷ್ಟು ಆತ್ಮವಿಶ್ವಾಸ ಕೊಡುವುದು ಬೇರೆ ಯಾವುದೂ ಇಲ್ಲ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಾದಿಸಿದರು. ನಮ್ಮವರಿಗೆ ಇದು ಹೊಸದೇನಲ್ಲ. ಶ್ರವಣಬೆಳಗೊಳದ ಕಲ್ಯಾಣಿಯನ್ನು ನೋಡಿದರೆ ಸಾಕು. ನೀರು ಎಷ್ಟೇ ಏರಲಿ ಇಳಿಯಲಿ, ಕಾಲಿಡಲು ಅಲ್ಲೊಂದು ಮೆಟ್ಟಿಲು ಇದ್ದೇ ಇರುತ್ತದೆ. ಒಳ್ಳೆಯ ಸ್ಕೂಬಾ ತರಬೇತಿಯೂ ಹೀಗೆಯೇ ಕಟ್ಟಿದ್ದು. ದಡದಲ್ಲಿ ಸಲಕರಣೆಯ ಪರಿಚಯ, ಸೊಂಟಮಟ್ಟದ ನೀರಿನಲ್ಲಿ ಮುಖ ಮುಳುಗಿಸಿ ಉಸಿರಾಟ, ಮುಖಗವಸಿಗೆ ನೀರು ಬಿಟ್ಟುಕೊಂಡು ಮೂಗಿನಿಂದ ಊದಿ ಹೊರಹಾಕುವ ಅಭ್ಯಾಸ, ಕೈಸನ್ನೆಗಳು, ಆಮೇಲಷ್ಟೇ ಆಳ. ಇವುಗಳಲ್ಲಿ ಯಾವ ಮೆಟ್ಟಿಲಿನಲ್ಲಾದರೂ ‘ಇವತ್ತಿಗೆ ಸಾಕು’ ಎನ್ನುವ ಹಕ್ಕು ಕಲಿಯುವವರಿಗೆ ಇರಬೇಕು. ನೀರಿನ ಮಾತೆತ್ತಿದರೇ ಎದೆ ಹೊಡೆದುಕೊಳ್ಳುವಷ್ಟು ತೀವ್ರ ಭಯವಿದ್ದವರು ಮನೋವೈದ್ಯರಿಂದ ಆರಂಭಿಸುವುದು ಒಳ್ಳೆಯದು; ಅದರಲ್ಲಿ ಅವಮಾನವಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಭಯ ಹೋದರೆ ಮಕ್ಕಳು ಹುಂಬರಾಗುತ್ತಾರೆ, ಕೆರೆಗೆ ಹಾರುತ್ತಾರೆ ಎಂಬುದು ತಾಯ್ತಂದೆಯರ ನಿಜವಾದ ಕಳವಳ. ಅದಕ್ಕೆ ಉತ್ತರ ಬಾಂಗ್ಲಾದೇಶದಲ್ಲಿದೆ. ಹೊಂಡಗಳು ಮನೆಮನೆಯ ಹಿತ್ತಿಲಲ್ಲಿರುವ ಆ ದೇಶದಲ್ಲಿ ಬಿದಿರಿನ ಅಟ್ಟಣೆ ಕಟ್ಟಿ, ಅದೇ ಹೊಂಡಗಳ ಒಂದು ಭಾಗವನ್ನು ಕಲಿಕೆಯ ಕೊಳವಾಗಿಸಿ, ‘ಸ್ವಿಮ್‌ಸೇಫ್’ ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಈಜು ಹೇಳಿಕೊಟ್ಟರು. 25 ಮೀಟರ್ ಈಜುವುದು, ಅರ್ಧ ನಿಮಿಷ ತೇಲುವುದು, ಮುಳುಗುವವರನ್ನು ತಾನು ನೀರಿಗೆ ಹಾರದೆ ದಡದಿಂದಲೇ ಎಳೆಯುವುದು ಅದರ ಪಾಠಗಳು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಕಲಿಯದವರಿಗಿಂತ ಶೇ 90ಕ್ಕೂ ಹೆಚ್ಚು ಕಡಿಮೆಯಿತ್ತು. ಹುಂಬತನ ಹುಟ್ಟುವುದು ಅರೆಕಲಿಕೆಯಿಂದ, ಗೆಳೆಯರೆದುರಿನ ಪಣದಿಂದ. ಪೂರ್ತಿ ಕಲಿತವರಿಗೆ ತಮ್ಮ ಮಿತಿಯೂ ಗೊತ್ತಿರುತ್ತದೆ. ಹಾಗೆಂದು ಕಲಿಕೆಯೊಂದೇ ಸಾಲದು. ಕೃಷಿಹೊಂಡಕ್ಕೆ ಬೇಲಿ, ಹತ್ತಿ ಬರಲು ಇಳಿಬಿಟ್ಟ ಹಗ್ಗ, ನಾಲೆಯ ದಡದಲ್ಲಿ ಅಲ್ಲಲ್ಲಿ ಮೆಟ್ಟಿಲು ಬೇಕೇ ಬೇಕು.

ಇನ್ನೊಂದು ಆಕ್ಷೇಪ: ಸ್ಕೂಬಾ ಕಾಸಿದ್ದವರ ಶೋಕಿ, ಮೇಲಾಗಿ ಈಜು ಬಾರದವರನ್ನೂ ಇಳಿಸುತ್ತಾರಲ್ಲ, ಮತ್ತೆ ಕಲಿಯುವ ಮಾತೇಕೆ? ಮೊದಲ ಪರಿಚಯದ ಇಳಿತಕ್ಕೆ ಈಜು ಕಡ್ಡಾಯವಲ್ಲ ಎಂಬುದು ನಿಜ. ಅಂತರರಾಷ್ಟ್ರೀಯ ತರಬೇತಿ ಸಂಸ್ಥೆ ಪ್ಯಾಡಿಯ ನಿಯಮದಂತೆ ಹತ್ತು ವರ್ಷ ತುಂಬಿದವರು ಶಿಕ್ಷಕರ ಜೊತೆ 12 ಮೀಟರ್‌ವರೆಗೆ ಇಳಿಯಬಹುದು. ಆದರೆ ಅದೇ ಸಂಸ್ಥೆ ಸ್ವತಂತ್ರವಾಗಿ ಇಳಿಯಬಲ್ಲ ಪ್ರಮಾಣಪತ್ರ ಕೊಡುವ ಮುನ್ನ 200 ಮೀಟರ್ ಈಜನ್ನೂ ಹತ್ತು ನಿಮಿಷದ ತೇಲುವಿಕೆಯನ್ನೂ ಕೇಳುತ್ತದೆ. ಇನ್ನೊಬ್ಬರ ಕೈಹಿಡಿದು ಹೋಗಿಬರುವುದಕ್ಕೂ ತಾನೇ ಬಲ್ಲವನಾಗುವುದಕ್ಕೂ ಇರುವ ದೂರ ಅದು. ಮೊದಲನೆಯದು ಫೋಟೊ ಕೊಡುತ್ತದೆ. ಎರಡನೆಯದು ಆಲೂರಿನ ಕೆರೆಯಲ್ಲೂ ಮುರ್ಡೇಶ್ವರದ ಅಲೆಯಲ್ಲೂ ಒದಗುವ ವಿದ್ಯೆ. ಎಲ್ಲರೂ ನೇತ್ರಾಣಿಗೆ ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಆದರೆ ಕಲಿಯುವವರಿಗೆ ಕಣ್ಣೆದುರು ಒಂದು ಸುಂದರವಾದ ಗುರಿ ಬೇಕು. ‘ಮುಳುಗಬಾರದು’ ಎಂಬ ಕಾರಣಕ್ಕೆ ಕಲಿಯುವುದಕ್ಕಿಂತ ‘ಮುಳುಗಿ ನೋಡಬೇಕು’ ಎಂಬ ಆಸೆಗೆ ಕಲಿಯುವುದು ಹೆಚ್ಚು ಕಾಲ ನಿಲ್ಲುತ್ತದೆ. 2022ರಲ್ಲಿ ತೆರೆಕಂಡ ‘ಗಂಧದಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಕಡಲಿನಾಳಕ್ಕೆ ಇಳಿದುದನ್ನು ಕಂಡ ಬಯಲುಸೀಮೆಯ ಮಕ್ಕಳಲ್ಲಿ ಆ ಆಸೆಯ ಬೀಜ ಆಗಲೇ ಬಿದ್ದಿದೆ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು: ಜನ ಹೆಚ್ಚಿದರೆ ಹವಳದ ಗತಿಯೇನು? ಹವಳ ಕಲ್ಲಲ್ಲ, ಜೀವಿ. ಸಾಸಿವೆಯಷ್ಟು, ಜೋಳದಷ್ಟು ಗಾತ್ರದ ಪಾಲಿಪ್‌ಗಳು ಸುಣ್ಣ ಸ್ರವಿಸಿ ವರ್ಷಗಟ್ಟಲೆ ಕಟ್ಟಿದ ಊರು ಅದು. ನೀರು ಬಿಸಿಯೇರಿದರೆ ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಅವು ಬಿಳುಚಿಕೊಳ್ಳುತ್ತವೆ. ಜಾಗತಿಕ ಮಟ್ಟದ ನಾಲ್ಕನೆಯ ಬಿಳುಚುವಿಕೆಯನ್ನು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಯ ಬಂಡೆಗಳಿಗೆ ಅಂಟಿ ಬೆಳೆದ ಹವಳವೂ ಅದೇ ಕಡಲಿನ ಮಗು. ಬಂಡೆಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿಯ ಜೊತೆಗೆ ಸ್ಥಾನವಿದೆ. ಇಷ್ಟು ನಾಜೂಕಾದ ಜಾಗಕ್ಕೆ ಯಾರು ಹೆಚ್ಚು ಪೆಟ್ಟು ಕೊಡುತ್ತಾರೆ ಎಂದು ಕೇಳಿ: ಕಾಲು ಬಡಿಯುವವರು, ಸಿಕ್ಕಿದ್ದನ್ನು ಹಿಡಿದುಕೊಳ್ಳುವವರು, ಅಂದರೆ ಹೆದರಿದವರು. ಕೆಂಪು ಸಮುದ್ರದ ರಾಸ್ ಮೊಹಮ್ಮದ್ ಉದ್ಯಾನದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನವು, ಇಳಿಯುವ ಮುನ್ನ ಕೊಟ್ಟ ಒಂದು ಚಿಕ್ಕ ತಿಳಿವಳಿಕೆಯಿಂದಲೇ ಹವಳ ಮುಟ್ಟುವುದು ಬಹಳಷ್ಟು ಇಳಿಯಿತೆಂದು ತೋರಿಸಿತು. ಆದ್ದರಿಂದ ಭಯ ಬಿಡಿಸುವ ಕಲಿಕೆ ಹವಳಕ್ಕೆ ವಿರುದ್ಧವಲ್ಲ, ಅದರ ಮೊದಲ ರಕ್ಷಣೆ. ಒಂದು ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಹಾಕಿದರೆ ಕಡಲಿಗೂ ಒಳ್ಳೆಯದು, ಕಲಿಯುವವರಿಗೂ ಬಿಡುವು ಸಿಗುತ್ತದೆ.

ಭಯ ಎಚ್ಚರವಾಗಿ ಬದಲಾಗಿದೆಯೇ ಎಂಬುದು ನೀರಿನಿಂದ ಎದ್ದು ಬಂದ ಮೇಲೂ ಗೊತ್ತಾಗುತ್ತದೆ. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಹೊರಹೋಗಲು ಸಮಯ ಬೇಕು. ಒಮ್ಮೆ ಇಳಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಇಳಿದವರು 18 ಗಂಟೆ ವಿಮಾನ ಹತ್ತಬಾರದು ಎಂಬ ನಿಯಮ ಇರುವುದು ಅದಕ್ಕೇ. 600 ಮೀಟರ್ ದಾಟಿದ ಎತ್ತರಗಳಿಗೂ ಇದೇ ಎಚ್ಚರ ಸಲ್ಲುತ್ತದೆ. ಚನ್ನರಾಯಪಟ್ಟಣ ಇರುವುದು 800 ಮೀಟರಿಗೂ ಎತ್ತರದಲ್ಲಿ. ಶಿರಾಡಿ ಹತ್ತಿ ಸಕಲೇಶಪುರ ತಲುಪಿದರೆ ಇನ್ನೂ ಮೇಲೆ. ಹಾಗಾಗಿ ಮಧ್ಯಾಹ್ನ ನೇತ್ರಾಣಿಯಲ್ಲಿ ಇಳಿದು ಸಂಜೆಯೇ ಘಟ್ಟ ಹತ್ತುವ ಪ್ರವಾಸದ ಲೆಕ್ಕ ನಮ್ಮವರಿಗೆ ಸಲ್ಲದು. ಆ ರಾತ್ರಿ ಕಡಲಬದಿಯಲ್ಲೇ ಕಳೆಯಬೇಕು. ಉಬ್ಬಸ, ಹೃದಯದ ತೊಂದರೆ, ಕಿವಿಯ ಸೋರಿಕೆ ಇದ್ದವರು ವೈದ್ಯರನ್ನು ಕೇಳದೆ ಹೊರಡಬಾರದು. ನೆಗಡಿಯಾದ ದಿನ, ಗರ್ಭಿಣಿಯಾಗಿದ್ದಾಗ ಇಳಿಯಲೇಬಾರದು. ಕಡಲು ಕೆರಳುವ ಮಳೆಗಾಲದಲ್ಲಿ ಆ ಆಸೆಯನ್ನೇ ಬದಿಗಿಡಬೇಕು.

ಹೀಗೆ ಕಾಯಲು, ತಿರುಗಿ ಬರಲು, ಬೇಡವೆನ್ನಲು ಬಲ್ಲವರನ್ನು ಬೆಳೆಸುವ ಕೆಲಸ ಮುರ್ಡೇಶ್ವರದ ದೋಣಿಯಲ್ಲಿ ಶುರುವಾಗುವುದಿಲ್ಲ. ನಮ್ಮ ತಾಲ್ಲೂಕುಗಳಲ್ಲೇ ಆಗಬೇಕು. ಅದಕ್ಕೆ ಅಮೃತಶಿಲೆಯ ಈಜುಕೊಳ ಬೇಕಿಲ್ಲ. ಹೂಳು ತೆಗೆಯುವಾಗಲೇ ಕೆರೆಯ ಒಂದು ಮೂಲೆಯನ್ನು ಸಮತಟ್ಟು ಮಾಡಿ, ಎದೆಮಟ್ಟಕ್ಕಿಂತ ಆಳವಾಗದಂತೆ ಗಡಿ ಕಟ್ಟಿ, ತರಬೇತಾದ ಇಬ್ಬರನ್ನು ದಡದಲ್ಲಿ ನಿಲ್ಲಿಸಿದರೆ ಒಂದು ಬೇಸಿಗೆ ರಜೆಯಲ್ಲಿ ಊರಿನ ಮಕ್ಕಳು ತೇಲಲು ಕಲಿಯಬಹುದು. ಹೆಣ್ಣುಮಕ್ಕಳಿಗೆ ಹೆಂಗಸರೇ ಕಲಿಸುವ ಬೇರೆ ಹೊತ್ತಿರಲಿ. ಬಾವಿಯ ಕಾಲದಲ್ಲೂ ಈ ವಿದ್ಯೆ ಅವರಿಗೆ ದಕ್ಕಿದ್ದು ಕಡಿಮೆ. ಹೀಗೆ ಕಲಿತ ಮಕ್ಕಳಲ್ಲಿ ಕೆಲವರು ಮುಂದೊಂದು ದಿನ ನೇತ್ರಾಣಿಯ ಹವಳ ನೋಡಿ ಬಂದಾರು, ಉಳಿದವರು ಎಂದೂ ಕಡಲು ಕಾಣದಿರಬಹುದು. ಎಲ್ಲರಿಗೂ ಹಿಂದೆ ಬಾವಿಯ ದಡದಲ್ಲಿ ಹಿರಿಯರು ಹಿಡಿದು ನಿಲ್ಲುತ್ತಿದ್ದ ಆ ಹಗ್ಗ ಬೇಕು. ಅದನ್ನು ಕೈಬಿಟ್ಟವರು ನಾವು. ಮತ್ತೆ ಹಿಡಿಯಬೇಕಾದವರೂ ನಾವೇ.