ಹಿಂಡಿಯ ಜೊತೆ ಉತ್ತರಾಣಿ

ಕಾಯಿಲೆ ಬಿದ್ದ ಮೀನು ಮೊದಲು ಬಿಡುವುದು ಮೇವನ್ನು. ಹಸು ಮೇವು ಬಿಟ್ಟರೆ ಬಾಯಿ ತೆರೆಸಿ ಗೊಟ್ಟದಲ್ಲಿ ಔಷಧಿ ಹೊಯ್ಯಬಹುದು. ಹೊಂಡದಲ್ಲಿರುವ ನೂರಾರು ಕಾಟ್ಲಾ, ರೋಹುಗಳಿಗೆ ಹಾಗೆ ಮಾಡಲಾದೀತೇ? ಮೀನಿಗೆ ಬಾಯಿಂದ ಕೊಡುವುದೇನಿದ್ದರೂ ಅದು ಚೆನ್ನಾಗಿ ತಿನ್ನುತ್ತಿರುವಾಗಲೇ ಕೊಡಬೇಕು. ಮೀನಿನ ಮೇವಿಗೆ ಗಿಡಮೂಲಿಕೆ ಬೆರೆಸುವುದರ ಗುಟ್ಟೂ ಇದೇ. ರೋಗ ಬಂದ ಮೇಲಿನ ಮದ್ದಾಗಿ ಅದು ಹೆಚ್ಚು ಉಪಯೋಗಕ್ಕೆ ಬಾರದು.

ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಕೆರೆಗೆ ಹೇಮಾವತಿ ನೀರು ಬಂದು, ಅಲ್ಲಿಂದ ಶಿರಾ ಕೆರೆಗೆ ಹರಿಯುತ್ತದೆ. ಇಂಥ ದೊಡ್ಡ ಕೆರೆಗಳಲ್ಲಿ ಬಿಟ್ಟ ಮೀನುಮರಿಗಳು ಹೆಚ್ಚಾಗಿ ನೀರಿನಲ್ಲೇ ಹುಟ್ಟುವ ಸೂಕ್ಷ್ಮ ಪಾಚಿ, ಹುಳುಗಳನ್ನು ತಿಂದು ಬೆಳೆಯುತ್ತವೆ. ಅಲ್ಲಿಗೆ ಮೂಲಿಕೆಪುಡಿ ಸುರಿದರೆ ನೀರುಪಾಲು. ಹೊಲದ ಕೃಷಿ ಹೊಂಡದ ಮಾತು ಬೇರೆ. ತಳಕ್ಕೆ ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೆಸರಿಲ್ಲ, ಸಹಜ ಆಹಾರವೂ ಕಡಿಮೆ. ಕೈಯಾರೆ ಮೇವು ಹಾಕಲೇಬೇಕು. ಶಿರಾ, ಪಾವಗಡ, ಮಧುಗಿರಿ ಕಡಲೆಕಾಯಿಯ ಸೀಮೆ. ಕಡಲೆಕಾಯಿ ಹಿಂಡಿಗೆ ಅಕ್ಕಿ ತೌಡು ಕಲಸಿ ಉಂಡೆ ಮಾಡಿ ಹಾಕುವುದು ಮೀನು ಸಾಕುವವರ ಹಳೆಯ ರೂಢಿ. ಮೂಲಿಕೆ ಬೆರೆಸಲು ಜಾಗವಿರುವುದು ಈ ಉಂಡೆಯಲ್ಲಿ.

ಬೇಸಿಗೆಯಲ್ಲಿ ಹೊಂಡದ ನೀರು ಇಳಿದಾಗ ಮೀನು ಒತ್ತೊತ್ತಾಗುತ್ತದೆ, ಆಮ್ಲಜನಕ ಸಾಲದಾಗುತ್ತದೆ. ನೀರಿನಲ್ಲಿ ಯಾವಾಗಲೂ ಇರುವ ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ ಬಳಲಿದ ಮೀನನ್ನು ಹಿಡಿಯುವುದು ಆಗಲೇ. ಹೊಟ್ಟೆ ಊದಿಕೊಳ್ಳುತ್ತದೆ, ಹುರುಪೆಗಳು ನಿಮಿರುತ್ತವೆ, ಮೈಮೇಲೆ ಹುಣ್ಣಾಗುತ್ತದೆ. ಮೀನಿನ ದೇಹ ಪ್ರತಿಕಾಯ ತಯಾರಿಸಲು ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಕಾಯುವುದು ಮೈಮೇಲಿನ ಲೋಳೆ, ಬ್ಯಾಕ್ಟೀರಿಯಾದ ಗೋಡೆಯನ್ನು ಒಡೆಯುವ ಲೈಸೋಜೈಮ್ ಎಂಬ ಕಿಣ್ವ, ರೋಗಾಣುವನ್ನು ನುಂಗಿ ಕೊಲ್ಲುವ ಬಿಳಿ ರಕ್ತಕಣಗಳು. ಕೆಲವು ಮೂಲಿಕೆಗಳು ಹುರಿದುಂಬಿಸುವುದು ಈ ಮೊದಲ ಸಾಲಿನ ಕಾವಲನ್ನು.

ಹೊಲದ ಬದುವಿನಲ್ಲಿ ತಾನಾಗಿ ಬೆಳೆದು ನಡೆಯುವವರ ಬಟ್ಟೆಗೆ ಅಂಟುವ ಉತ್ತರಾಣಿ ಕೂಡ ಅಂಥದ್ದೊಂದು! ಅದರ ಬೀಜವನ್ನು ಮೇವಿಗೆ ಬೆರೆಸಿ ರೋಹು ಮೀನಿಗೆ ತಿನ್ನಿಸಿ, ಬಳಿಕ ಏರೋಮೊನಾಸ್ ಸೋಂಕು ತಗಲಿಸಿ ನೋಡಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಬೀಜ ತಿಂದ ಮೀನುಗಳಲ್ಲಿ ಸಾವು ಕಡಿಮೆಯಿತ್ತು. ಬೆಳ್ಳುಳ್ಳಿ, ಮಾವಿನ ಓಟೆಯ ತಿರುಳು, ಅಶ್ವಗಂಧದ ಬೇರುಗಳನ್ನೂ ರೋಹು ಮೇಲೆ ಹೀಗೆಯೇ ಪರೀಕ್ಷಿಸಲಾಗಿದೆ. 2010ರಲ್ಲಿ ಪ್ರಕಟವಾದ ಅಶ್ವಗಂಧದ ಅಧ್ಯಯನದಲ್ಲಿ ಕಿಲೋ ಮೇವಿಗೆ 1, 2, 3 ಗ್ರಾಂ ಬೆರೆಸಿ ಹೋಲಿಸಿದರು. ಚೆನ್ನಾಗಿ ಕೆಲಸ ಮಾಡಿದ್ದು 2 ಗ್ರಾಂ. ಹೆಚ್ಚು ಹಾಕಿದಷ್ಟೂ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯದು. ಇವೆಲ್ಲ ತೊಟ್ಟಿಯಲ್ಲಿ, ಅಳತೆ ಹಿಡಿದು ಮಾಡಿದ ಪ್ರಯೋಗಗಳೆಂಬುದನ್ನೂ ಮರೆಯಬಾರದು.

ಮೀನಿಗೆ ಆ್ಯಂಟಿಬಯೋಟಿಕ್ ಕೊಟ್ಟರಾಗದೇ ಎಂದು ಕೇಳಬಹುದು. ಕೃಷಿ ಹೊಂಡದ ನೀರು ಮರುದಿನ ಟೊಮೆಟೊ ಸಾಲಿಗೆ ಹರಿಯುವಂಥದ್ದು. ಔಷಧಿಯ ಉಳಿಕೆ ಅದರೊಂದಿಗೆ ಹೋಗುತ್ತದೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವೂ ಹೋಗುತ್ತದೆ. ಸಾಕುಪ್ರಾಣಿಗಳು ಬೇಗ ಬೆಳೆಯಲೆಂದು ಮೇವಿಗೆ ಆ್ಯಂಟಿಬಯೋಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರಲ್ಲೇ ಪೂರ್ತಿ ನಿಲ್ಲಿಸಿತು. ನಮ್ಮ ಬರಡು ಸೀಮೆಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿ ಒಂದೇ ನೀರು ಮೀನಿಗೂ ಬೆಳೆಗೂ ಆಗಬೇಕು.

ಹಾಗೆಂದು ಗಿಡದ್ದೆಲ್ಲ ನಿರಪಾಯವಲ್ಲ. ಮರಿ ಬಿಡುವ ಮುಂಚೆ ಕೊಳದಲ್ಲಿರುವ ಕೊರವ, ಮುರುಗೋಡಿನಂಥ ಮರಿ ತಿನ್ನುವ ಮೀನುಗಳನ್ನು ಕೊಲ್ಲಲು ಹಾಕುವುದು ಹಿಪ್ಪೆ ಹಿಂಡಿಯನ್ನೇ. ಅದರಲ್ಲಿರುವ ಸಪೋನಿನ್ ಕಿವಿರಿನ ಮೂಲಕ ಒಳಹೊಕ್ಕು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಎರಡು ಮೂರು ವಾರ ಕಳೆದು ವಿಷ ಇಳಿದ ಮೇಲೆ ಅದೇ ಹಿಂಡಿ ಕೊಳಕ್ಕೆ ಗೊಬ್ಬರ.

ನನಗೆ ಹೆಚ್ಚು ಚಿಂತೆ ಕಡಲೆಕಾಯಿ ಹಿಂಡಿಯದ್ದು. ತೇವ ತಗಲಿದ ಹಿಂಡಿಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಇಂಥ ಕಡಲೆಕಾಯಿ ಹಿಂಡಿ ತಿಂದು. ಈ ವಿಷ ಪತ್ತೆಯಾದದ್ದೇ ಆ ಸಾವುಗಳ ಬೆನ್ನು ಹತ್ತಿ. ಮೀನಿನ ಯಕೃತ್ತನ್ನೂ ಅದು ಹಾಳುಮಾಡುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಬೂಷ್ಟು ಹಿಡಿದ ಹಿಂಡಿಗೆ ಅಶ್ವಗಂಧ ಬೆರೆಸಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಮೂಲಿಕೆಪುಡಿಗೆ ದುಡ್ಡು ಹಾಕುವ ಮೊದಲು ಹಿಂಡಿಚೀಲ ಗೋಡೆಗೆ ತಾಗದಂತೆ ಹಲಗೆಯ ಮೇಲಿದೆಯೇ, ಬಾಯಿ ಬಿಚ್ಚಿದರೆ ಮುಗ್ಗಲು ವಾಸನೆ ಬರುತ್ತಿದೆಯೇ ನೋಡಬೇಕು.